ಸೊರಗಿದ ಊರಿಗೆ ಹೊರಗಿನವರನ್ನು ಕರೆಯುವುದು ಹೇಗೆ?

ಪ್ರಶ್ನೆ: ನಮ್ಮ ನಗರವನ್ನು ಸಾಕುತ್ತಿದ್ದ ದೊಡ್ಡ ಕಾರ್ಖಾನೆ ಮುಚ್ಚಿ ಹಲವು ವರ್ಷಗಳಾದವು. ಯುವಕರು ಹೊರಟುಹೋದರು. ಅಂಗಡಿ ಬೀದಿಯಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿವೆ. ಪತ್ರಿಕೆಗಳಲ್ಲಿ ಊರಿನ ಹೆಸರು ಬಂದರೆ ಅಪರಾಧದ ಸುದ್ದಿಯ ಜೊತೆ ಬರುತ್ತದೆ, ಇಲ್ಲವೇ ಪಾಳು ಕಟ್ಟಡದ ಚಿತ್ರದ ಜೊತೆ. ನಾವು ಹದಿನೈದು ಜನ ನಿವಾಸಿಗಳು ಸೇರಿ ಪ್ರವಾಸಿಗರನ್ನೂ ಹೊಸದಾಗಿ ನೆಲೆಸುವವರನ್ನೂ ಕರೆತರಲು ಹೊರಟಿದ್ದೇವೆ. ಘೋಷವಾಕ್ಯ, ಲಾಂಛನ ಸಿದ್ಧವಾಗಿವೆ. ಆದರೆ ಊರಿನ ಕಷ್ಟಗಳನ್ನು ಹೇಳಬೇಕೋ ಮುಚ್ಚಿಡಬೇಕೋ ಎಂದು ನಮ್ಮಲ್ಲೇ ಜಗಳ. ಹೊರಗಿನವರು ಬಂದರೆ ಬಾಡಿಗೆ ಏರಿ ಹಳಬರೇ ಜಾಗ ಖಾಲಿ ಮಾಡಬೇಕಾದೀತು ಎಂದು ನೆರೆಹೊರೆಯವರು ಸಿಟ್ಟಾಗಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಹದಿನೈದು ಜನ’ ಎಂಬ ಮಾತು. ಊರು ಬಿಡಲು ನೂರು ಕಾರಣಗಳಿದ್ದರೂ ಉಳಿದುಕೊಂಡು, ನಾಲ್ಕು ಜನರನ್ನು ಕರೆಯೋಣ ಎಂದು ಕೂತು ಯೋಚಿಸುವವರು ಅಷ್ಟು ಮಂದಿ ಇದ್ದಾರೆಂದರೆ ನಿಮ್ಮ ಕೈಯಲ್ಲಿ ಆಗಲೇ ಬಂಡವಾಳವಿದೆ. ಲಾಂಛನವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿಡಿ. ಹೆಸರು ಕೆಟ್ಟ ಊರನ್ನು ಹೊರಗಿನವರಿಗೆ ಪರಿಚಯಿಸಲು, ಅಲ್ಲಿ ಬದುಕುತ್ತಿರುವವರೇ ಜೊತೆಯಲ್ಲಿ ನಡೆದು ತೋರಿಸುವುದಕ್ಕಿಂತ ಬಲವಾದ ಉಪಾಯವನ್ನು ನಾನು ಕಂಡಿಲ್ಲ. ಉಳಿದದ್ದೆಲ್ಲ ಆ ನಡಿಗೆಯ ಹಿಂದೆ ಬರಲಿ.

ಲಾಂಛನದ ವಿಷಯಕ್ಕೆ ಎಲ್ಲರೂ ಉದಾಹರಿಸುವುದು ನ್ಯೂಯಾರ್ಕನ್ನು. ಹಾಗಾಗಿ ಆ ಕಥೆಯನ್ನು ಪೂರ್ತಿ ಹೇಳುತ್ತೇನೆ. 1975ರಲ್ಲಿ ಆ ನಗರ ದಿವಾಳಿಯ ಅಂಚಿನಲ್ಲಿತ್ತು. ನೌಕರರನ್ನು ದೊಡ್ಡ ಸಂಖ್ಯೆಯಲ್ಲಿ ಕೆಲಸದಿಂದ ತೆಗೆಯಲು ನಗರಾಡಳಿತ ಹೊರಟಾಗ, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಮೊದಲಾದವರ ಸಂಘಟನೆಗಳು ಪ್ರವಾಸಿಗರಿಗೆ ಹಂಚಲೆಂದು ಒಂದು ಕರಪತ್ರ ಅಚ್ಚು ಹಾಕಿಸಿದವು. ಮುಖಪುಟದಲ್ಲಿ ತಲೆಬುರುಡೆ, ಜೊತೆಗೆ ‘ಭಯದ ನಗರಕ್ಕೆ ಸ್ವಾಗತ’ ಎಂಬ ಶೀರ್ಷಿಕೆ. ಸಂಜೆ ಆರರ ನಂತರ ಬೀದಿಯಲ್ಲಿ ನಡೆಯಬೇಡಿ, ಸುರಂಗ ರೈಲು ಹತ್ತಲೇಬೇಡಿ ಎಂದು ಒಳಗೆ ಸಲಹೆಗಳು. ಊರನ್ನು ಕಾಯುವವರೇ ಊರಿನ ಹೆಸರಿಗೆ ಮಸಿ ಬಳಿದರು. ಅವರ ಹೊಟ್ಟೆಯ ಮೇಲೆ ಹೊಡೆತ ಬಿದ್ದಿತ್ತು ಎಂಬುದನ್ನೂ ಮರೆಯಬಾರದು. ಎರಡು ವರ್ಷಗಳ ನಂತರ, 1977ರಲ್ಲಿ, ರಾಜ್ಯ ಸರ್ಕಾರದ ಪ್ರವಾಸೋದ್ಯಮ ಪ್ರಚಾರಕ್ಕಾಗಿ ವಿನ್ಯಾಸಕ ಮಿಲ್ಟನ್ ಗ್ಲೇಸರ್ ಟ್ಯಾಕ್ಸಿಯಲ್ಲಿ ಕೂತು, ಲಕೋಟೆಯ ಚೂರೊಂದರ ಮೇಲೆ ಕೆಂಪು ಕ್ರೇಯಾನ್‌ನಿಂದ ‘ನಾನು ನ್ಯೂಯಾರ್ಕನ್ನು ಪ್ರೀತಿಸುತ್ತೇನೆ’ ಎಂದು ಸಾರುವ ಹೃದಯದ ಗುರುತು ಗೀಚಿದರು. ಅದಕ್ಕೆ ಅವರು ಸಂಭಾವನೆ ಪಡೆಯಲಿಲ್ಲ. ಆ ಚಿತ್ರ ಜಗತ್ತನ್ನೇ ಸುತ್ತಿತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ನಿಮಗೆ ಬೇಕಾದ ಭಾಗ ಇದರ ಮುಂದಿನದು. ಹೃದಯದ ಗುರುತು ಅಂಗಿಗಳ ಮೇಲೆಲ್ಲ ರಾರಾಜಿಸುತ್ತಿದ್ದ ಕಾಲದಲ್ಲೂ ಲಿನ್ ಬ್ರೂಕ್ಸ್ ಎಂಬ ನ್ಯೂಯಾರ್ಕ್ ನಿವಾಸಿ ಪ್ರವಾಸ ಹೋದಲ್ಲೆಲ್ಲ ಜನ ಅವರ ನಗರದ ಬಗ್ಗೆ ಭಯದಿಂದಲೇ ಮಾತನಾಡುತ್ತಿದ್ದರು. ಲಾಂಛನ ಎಲ್ಲರಿಗೂ ಗೊತ್ತಿತ್ತು, ಹೆದರಿಕೆ ಹೋಗಿರಲಿಲ್ಲ. 1992ರಲ್ಲಿ ಅವರು ‘ಬಿಗ್ ಆಪಲ್ ಗ್ರೀಟರ್’ ಎಂಬ ಸ್ವಯಂಸೇವಕರ ಕೂಟವನ್ನು ಶುರು ಮಾಡಿದರು. ಏರ್ಪಾಡು ಬಹಳ ಸರಳ. ಬರುವವರು ಮೊದಲೇ ತಿಳಿಸಬೇಕು. ಅವರ ಆಸಕ್ತಿ, ಭಾಷೆ ನೋಡಿ ಒಬ್ಬ ನಿವಾಸಿಯನ್ನು ಜೊತೆ ಮಾಡುತ್ತಾರೆ. ಆ ನಿವಾಸಿ ಒಂದು ಸಣ್ಣ ಗುಂಪನ್ನು ತನ್ನ ಬಡಾವಣೆಯಲ್ಲಿ ಕೆಲವು ಗಂಟೆ ಸುತ್ತಾಡಿಸುತ್ತಾನೆ. ಶುಲ್ಕವಿಲ್ಲ, ಭಕ್ಷೀಸು ಪಡೆಯುವಂತಿಲ್ಲ. ಬಂದವರ ಕಣ್ಣಿಗೆ ಬೀಳುವುದು ಒಬ್ಬ ಮನುಷ್ಯ ದಿನವೂ ರೈಲು ಹತ್ತುವ ನಿಲ್ದಾಣ, ಅವನ ಮಕ್ಕಳು ಓದಿದ ಶಾಲೆ, ಅವನು ಕೂತು ಹರಟೆ ಹೊಡೆಯುವ ಕಟ್ಟೆ. ಅವನು ಹೆದರದೆ ನಡೆಯುವುದನ್ನು ನೋಡುತ್ತಲೇ ಬಂದವರ ಹೆದರಿಕೆ ಇಳಿಯುತ್ತದೆ. ಈ ಮಾದರಿ ಮುಂದೆ ಹಲವು ದೇಶಗಳ ನಗರಗಳಿಗೆ ಹಬ್ಬಿತು. ಹದಿನೈದು ಜನರಿಂದ ಇದನ್ನು ನಾಳೆಯೇ ಆರಂಭಿಸಬಹುದು. ಗುಂಪು ಆರು ಜನರನ್ನು ಮೀರದಿರಲಿ. ಅದಕ್ಕಿಂತ ಹೆಚ್ಚಾದರೆ ನಿಮ್ಮ ಮಾತು ಭಾಷಣವಾಗುತ್ತದೆ, ಅವರ ಪ್ರಶ್ನೆಗಳು ನಿಂತುಹೋಗುತ್ತವೆ.

ಈಗ ನಿಮ್ಮೊಳಗಿನ ಜಗಳಕ್ಕೆ ಬರುತ್ತೇನೆ. ಕಷ್ಟಗಳನ್ನು ಮುಚ್ಚಿಡಬೇಡಿ. ಅಂಗೈ ಹುಣ್ಣಿಗೆ ಕನ್ನಡಿ ಏಕೆ? ಬರುವವರು ಹೊರಡುವ ಮೊದಲೇ ಮೊಬೈಲ್‌ನಲ್ಲಿ ನಿಮ್ಮ ಊರಿನ ಹೆಸರು ಹುಡುಕಿ ಎಲ್ಲವನ್ನೂ ಓದಿರುತ್ತಾರೆ. ನೀವು ಸುಮ್ಮನಿದ್ದರೆ ಅವರು ಓದಿದ್ದೇ ಕೊನೆಯ ಮಾತಾಗುತ್ತದೆ. ನೀವೇ ಮೊದಲು ಹೇಳಿದರೆ ಮುಂದಿನ ಮಾತಿಗೂ ಕಿವಿ ಕೊಡುತ್ತಾರೆ. ಹೇಳುವಾಗ ಖಚಿತವಾಗಿ ಹೇಳಿ. ‘ಊರು ಸುರಕ್ಷಿತವಾಗಿದೆ’ ಎಂದರೆ ಯಾರೂ ನಂಬುವುದಿಲ್ಲ. ‘ಈ ರಸ್ತೆಯಲ್ಲಿ ರಾತ್ರಿ ದೀಪವಿಲ್ಲ, ನಾವೂ ಆ ಹೊತ್ತಿನಲ್ಲಿ ಹೋಗುವುದಿಲ್ಲ, ಆಚೆ ಬೀದಿಯಲ್ಲಿ ಹತ್ತು ಗಂಟೆಯವರೆಗೂ ಮಕ್ಕಳು ಆಡುತ್ತಿರುತ್ತಾರೆ’ ಎಂದರೆ ನಂಬುತ್ತಾರೆ.

ಕೊಲಂಬಿಯಾದ ಮೆಡೆಲಿನ್ ನಗರದ ಕಷ್ಟದ ಮುಂದೆ ಬೇರೆ ಊರುಗಳ ಕಷ್ಟ ಚಿಕ್ಕದು. 1991ರ ಒಂದೇ ವರ್ಷದಲ್ಲಿ ಅಲ್ಲಿ ಆರು ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ಗುಡ್ಡಕ್ಕೆ ಅಂಟಿಕೊಂಡಂತಿರುವ ‘ಕೊಮುನಾ 13’ ಎಂಬ ಬಡ ಬಡಾವಣೆಯ ಮೇಲೆ 2002ರ ಅಕ್ಟೋಬರ್‌ನಲ್ಲಿ ಸೇನೆಯ ಕಾರ್ಯಾಚರಣೆಯೇ ನಡೆಯಿತು. ಹಲವರು ಕಾಣೆಯಾದರು. 2011ರ ಕೊನೆಯಲ್ಲಿ ಆ ಗುಡ್ಡಕ್ಕೆ ಹೊರಾಂಗಣದ ಚಲಿಸುವ ಮೆಟ್ಟಿಲುಗಳು ಬಂದವು. ಮೊದಲು ಉಸಿರು ಬಿಗಿಹಿಡಿದು ಹತ್ತಬೇಕಾಗಿದ್ದ ದಾರಿ ಕೆಲವೇ ನಿಮಿಷಗಳದ್ದಾಯಿತು. ಆ ಮೆಟ್ಟಿಲುಗಳು ಪ್ರವಾಸಿಗರಿಗಾಗಿ ಮಾಡಿದ್ದಲ್ಲ ಎಂಬುದನ್ನು ಗಮನಿಸಿ. ಅಲ್ಲಿನ ಹಿಪ್‌ಹಾಪ್ ಹುಡುಗ ಹುಡುಗಿಯರು ಗೋಡೆಗಳ ಮೇಲೆ ತಮ್ಮ ಬಡಾವಣೆಯ ನೋವನ್ನೂ ಸತ್ತವರ ನೆನಪನ್ನೂ ಚಿತ್ರಿಸಿ, ಬಂದವರನ್ನು ಆ ಗೋಡೆಗಳ ಮುಂದೆ ನಿಲ್ಲಿಸಿ ತಾವೇ ಕಥೆ ಹೇಳತೊಡಗಿದರು. ಇದೇ ಊರಿನಲ್ಲಿ ಇನ್ನೊಂದು ವ್ಯಾಪಾರವೂ ನಡೆಯುತ್ತಿತ್ತು. ಮಾದಕವಸ್ತು ದೊರೆ ಪಾಬ್ಲೊ ಎಸ್ಕೊಬಾರ್‌ನ ಮನೆ, ಸಮಾಧಿ ತೋರಿಸುವ ಪ್ರವಾಸಗಳು. ನಗರಾಡಳಿತ 2019ರ ಫೆಬ್ರವರಿಯಲ್ಲಿ ಅವನು ವಾಸವಿದ್ದ ಮೊನಾಕೊ ಕಟ್ಟಡವನ್ನು ಉರುಳಿಸಿ, ಅಲ್ಲಿ ಹಿಂಸೆಗೆ ಬಲಿಯಾದವರ ನೆನಪಿನ ಉದ್ಯಾನ ಮಾಡಿತು. ನೋವಿನ ಕಥೆ ಹೇಳುವುದರಲ್ಲಿ ತಪ್ಪಿಲ್ಲ. ನೋವು ಕೊಟ್ಟವನನ್ನು ನಾಯಕನನ್ನಾಗಿ ಮಾಡುತ್ತಿದ್ದೇವೆಯೇ, ನೋವು ತಿಂದವರ ಬಾಯಿಂದ ಹೇಳಿಸುತ್ತಿದ್ದೇವೆಯೇ ಎಂಬುದನ್ನು ನೋಡಿಕೊಳ್ಳಬೇಕು. ನಿಮ್ಮ ಕಾರ್ಖಾನೆಯ ಕಥೆಯನ್ನು ಅಲ್ಲಿ ಮೂವತ್ತು ವರ್ಷ ದುಡಿದವರು ಹೇಳಲಿ.

ಪಾಳು ಕಟ್ಟಡದ ಚಿತ್ರಗಳಿಂದ ನಿಮಗಾಗುವ ಬೇಸರ ನನಗೆ ಅರ್ಥವಾಗುತ್ತದೆ. ಡೆಟ್ರಾಯಿಟ್‌ನ ಜನ ಇದನ್ನು ದಶಕಗಳ ಕಾಲ ನುಂಗಿದರು. ಅಮೆರಿಕದ ಮೋಟಾರು ಉದ್ಯಮದ ಆ ನಗರದಲ್ಲಿ 1950ರಲ್ಲಿ ಸುಮಾರು 18 ಲಕ್ಷ 50 ಸಾವಿರ ಜನರಿದ್ದರು. 2020ರ ಹೊತ್ತಿಗೆ ಉಳಿದವರು 6 ಲಕ್ಷ 39 ಸಾವಿರ. 2013ರ ಜುಲೈನಲ್ಲಿ ನಗರವೇ ದಿವಾಳಿ ಅರ್ಜಿ ಹಾಕಿತು. ಅಲ್ಲಿನ ಮಿಶಿಗನ್ ಸೆಂಟ್ರಲ್ ರೈಲು ನಿಲ್ದಾಣದಿಂದ ಕೊನೆಯ ರೈಲು 1988ರ ಜನವರಿಯಲ್ಲಿ ಹೊರಟಿತು. ನಂತರ ಕಿಟಕಿ ಗಾಜುಗಳಿಲ್ಲದ ಆ ಭಾರೀ ಕಟ್ಟಡದ ಮುಂದೆ ಕ್ಯಾಮೆರಾ ಹಿಡಿದು ನಿಲ್ಲದವರಿಲ್ಲ. ಚಿತ್ರಗಳಲ್ಲಿ ಕಟ್ಟಡವಿರುತ್ತಿತ್ತು, ಜನ ಇರುತ್ತಿರಲಿಲ್ಲ. ಆರೇಳು ಲಕ್ಷ ಮನುಷ್ಯರು ಬದುಕುತ್ತಿದ್ದ ಊರು ಸತ್ತ ಊರಿನಂತೆ ಕಾಣುತ್ತಿತ್ತು. ನನಗೆ ಆ ಚಿತ್ರಗಳ ಮೇಲಿರುವ ದೂರು ಇದೇ. 2018ರಲ್ಲಿ ಫೋರ್ಡ್ ಕಂಪನಿ ನಿಲ್ದಾಣವನ್ನು ಕೊಂಡ ಸುದ್ದಿ ಹೊರಬಿದ್ದಾಗ ಒಂದು ಸಂಗತಿ ನಡೆಯಿತು. ವರ್ಷಗಳ ಹಿಂದೆ ಅಲ್ಲಿಂದ ಕಾಣೆಯಾಗಿದ್ದ ದೊಡ್ಡ ಗಡಿಯಾರವನ್ನು, ಹೆಸರು ಹೇಳದ ಯಾರೋ ಒಂದು ಕಟ್ಟಡದ ಬಳಿ ಇಟ್ಟು, ಬಂದು ತೆಗೆದುಕೊಂಡು ಹೋಗಿ ಎಂದು ಫೋನ್ ಮಾಡಿದರು. ಆಮೇಲೆ ಇನ್ನಷ್ಟು ವಸ್ತುಗಳು ಮರಳಿದವು. 2024ರ ಜೂನ್‌ನಲ್ಲಿ ನಿಲ್ದಾಣದ ಬಾಗಿಲು ಮತ್ತೆ ತೆರೆಯಿತು. ನಿಮ್ಮ ಊರಿನ ಮನೆಗಳಲ್ಲೂ ಕಾರ್ಖಾನೆಯ ಗುರುತಿನ ಚೀಟಿ, ಸೈರನ್ನಿನ ತುಂಡು, ಗುಂಪಿನ ಫೋಟೋ ಇದ್ದೇ ಇರುತ್ತವೆ. ಕೇಳಿ ನೋಡಿ. ಛಾಯಾಗ್ರಾಹಕರು ಬಂದರೆ ಓಡಿಸಬೇಡಿ, ನಿಮ್ಮಲ್ಲೊಬ್ಬರು ಜೊತೆಗೆ ಹೋಗಿ. ಆ ಗೋಡೆಯ ಹಿಂದೆ ಯಾವ ವಿಭಾಗವಿತ್ತು, ಪಾಳಿ ಮುಗಿದ ಮೇಲೆ ಜನ ಯಾವ ಗೇಟಿನಿಂದ ಹೊರಬರುತ್ತಿದ್ದರು ಎಂದು ಹೇಳಿ. ಸಾಧ್ಯವಾದರೆ ಆ ಗೇಟಿನ ಮುಂದೆ ನೀವೇ ನಿಂತು ಚಿತ್ರ ತೆಗೆಸಿಕೊಳ್ಳಿ.

ಪೆಟ್ಟಿಗೆಯಲ್ಲಿಟ್ಟ ಘೋಷವಾಕ್ಯವನ್ನು ಈಗ ಹೊರತೆಗೆಯೋಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ಹಡಗು ಕಟ್ಟುವ ಕೆಲಸ ಕಳೆದುಕೊಂಡು, ಕೊಳೆಗೇರಿ ಮತ್ತು ಚಾಕು ಇರಿತಕ್ಕೆ ಹೆಸರಾಗಿದ್ದ ನಗರ. 1983ರಲ್ಲಿ ಅಲ್ಲಿನ ಲಾರ್ಡ್ ಪ್ರೊವೋಸ್ಟ್, ಅಂದರೆ ಮೇಯರ್, ಮೈಕಲ್ ಕೆಲ್ಲಿ ‘ಗ್ಲಾಸ್ಗೋ ಮೈಲುಗಟ್ಟಲೆ ಮೇಲು’ ಎಂಬ ಅರ್ಥದ ಪ್ರಚಾರ ಶುರು ಮಾಡಿದರು. ಮಕ್ಕಳ ಪುಸ್ತಕದ ನಗುಮುಖದ ಹಳದಿ ಬೊಂಬೆಯೊಂದು ಅದರ ಗುರುತಾಯಿತು. ಆ ಪ್ರಚಾರ ಗೆದ್ದಿತು. ಆದರೆ ಅದೇ ವರ್ಷ ಬರೆಲ್ ಕಲಾಸಂಗ್ರಹಾಲಯ ತೆರೆದಿತ್ತು, 1988ರಲ್ಲಿ ಉದ್ಯಾನ ಉತ್ಸವ ನಡೆಯಿತು, 1990ರಲ್ಲಿ ಗ್ಲಾಸ್ಗೋ ಯುರೋಪಿನ ಸಾಂಸ್ಕೃತಿಕ ನಗರವಾಯಿತು. ಮಾತಿನ ಹಿಂದೆ ತೋರಿಸಲು ವಸ್ತುವಿತ್ತು. ನಿಮ್ಮ ವಾಕ್ಯ ಎಷ್ಟೇ ಚೆನ್ನಾಗಿರಲಿ, ಅದನ್ನು ಓದಿ ಬಂದವರಿಗೆ ಮೊದಲ ಗಂಟೆಯಲ್ಲಿ ಏನು ತೋರಿಸುತ್ತೀರಿ ಎಂಬುದಕ್ಕೆ ಉತ್ತರ ಸಿಗುವವರೆಗೆ ಅಚ್ಚು ಹಾಕಿಸಬೇಡಿ.

ಅದೇ ಊರಿನ ಇನ್ನೊಂದು ಕಥೆ ನನಗೆ ಇನ್ನೂ ಪ್ರಿಯ. ಅಲ್ಲಿನ ಆಧುನಿಕ ಕಲಾಭವನದ ಮುಂದೆ ಕುದುರೆಯೇರಿದ ಡ್ಯೂಕ್ ಆಫ್ ವೆಲಿಂಗ್ಟನ್‌ನ ಪ್ರತಿಮೆ ಇದೆ. 1980ರ ದಶಕದಿಂದಲೂ ಯಾರೋ ರಾತ್ರಿ ಹತ್ತಿ, ರಸ್ತೆ ಕಾಮಗಾರಿಯಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವನ್ನು ಡ್ಯೂಕನ ತಲೆಗೆ ಟೋಪಿಯಂತೆ ಇಡುತ್ತಾರೆ. ತೆಗೆದಷ್ಟೂ ಮತ್ತೆ ಬರುತ್ತದೆ. 2013ರಲ್ಲಿ ನಗರಸಭೆ 65 ಸಾವಿರ ಪೌಂಡ್ ಖರ್ಚು ಮಾಡಿ ಪೀಠವನ್ನು ಎತ್ತರಿಸಲು ಯೋಚಿಸಿತು. ಸಾವಿರಾರು ಜನ ಸಹಿ ಹಾಕಿ ಪ್ರತಿಭಟಿಸಿದರು, ಯೋಜನೆ ಬಿದ್ದುಹೋಯಿತು. ಇಂದು ಆ ಟೋಪಿ ಹೊತ್ತ ಡ್ಯೂಕನ ಮುಂದೆ ಚಿತ್ರ ತೆಗೆಸಿಕೊಳ್ಳದ ಪ್ರವಾಸಿ ಅಪರೂಪ. ಅದೇ 2013ರಲ್ಲಿ, ಸಾರ್ವಜನಿಕರಿಂದ ಸಲಹೆ ಕೇಳಿ, ನಗರ ಹೊಸ ಘೋಷವಾಕ್ಯ ತಂದಿತು: ‘ಗ್ಲಾಸ್ಗೋವನ್ನು ಮಾಡುವವರು ಜನ’. ಮೂವತ್ತು ವರ್ಷಗಳಲ್ಲಿ ಹೋಲಿಕೆಯ ಮಾತು ಬಿಟ್ಟು ಜನರ ಮಾತಿಗೆ ಬಂದರು. ನಿಮ್ಮ ಊರಿನವರು ತಮ್ಮತಮ್ಮಲ್ಲಿ ಆಡಿಕೊಂಡು ನಗುವ, ಹೊರಗಿನವರಿಗೆ ಹೇಳಲು ಸಂಕೋಚಪಡುವ ಸಂಗತಿ ಯಾವುದು? ಲಾಂಛನ ಅಲ್ಲಿಂದ ಬರಲಿ.

ದೊಡ್ಡ ಖರ್ಚಿನ ಆಕರ್ಷಣೆ ಕಟ್ಟಿಸೋಣ ಎನ್ನುವವರು ನಿಮ್ಮ ಸಭೆಯಲ್ಲಿ ಖಂಡಿತ ಒಬ್ಬರಿರುತ್ತಾರೆ. ಅವರಿಗೆ ಜಪಾನಿನ ಯೂಬಾರಿಯ ಕಥೆ ಹೇಳಿ. 1960ರ ಸುಮಾರಿಗೆ 1 ಲಕ್ಷ 17 ಸಾವಿರ ಜನರಿದ್ದ ಕಲ್ಲಿದ್ದಲು ಪಟ್ಟಣ ಅದು. ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಗಣಿ ಹೋದರೇನು, ಪ್ರವಾಸೋದ್ಯಮ ಇದೆ ಎಂದು ಪುರಸಭೆ ಸಾಲ ಮಾಡಿ ವಿನೋದ ಉದ್ಯಾನ, ವಸ್ತುಸಂಗ್ರಹಾಲಯ, ಹೋಟೆಲುಗಳ ಬೆನ್ನು ಹತ್ತಿತು. ಹಾಸಿಗೆ ಇದ್ದಷ್ಟು ಕಾಲು ಚಾಚಲಿಲ್ಲ. 2007ರಲ್ಲಿ ಯೂಬಾರಿ ಅಧಿಕೃತವಾಗಿ ದಿವಾಳಿಯಾಯಿತು. ಸಾಲ ಸುಮಾರು 3,500 ಕೋಟಿ ಯೆನ್. ಶಾಲೆಗಳು ಒಂದಾದವು, ನೌಕರರು ಅರ್ಧಕ್ಕಿಳಿದರು, ತೆರಿಗೆ ಏರಿತು. 1990ರಿಂದ ನಡೆಯುತ್ತಿದ್ದ ಚಲನಚಿತ್ರೋತ್ಸವಕ್ಕೂ ಪುರಸಭೆಯ ಹಣ ನಿಂತಿತು. ಆಗ ನಿವಾಸಿಗಳು, ಸಿನಿಮಾ ಪ್ರೇಮಿಗಳು ಸೇರಿ 2008ರಲ್ಲಿ ಲಾಭರಹಿತ ಸಂಸ್ಥೆಯ ಮೂಲಕ ಉತ್ಸವವನ್ನು ಮತ್ತೆ ಹಿಡಿದೆತ್ತಿದರು. ಸಾಲದ ಕಟ್ಟಡಗಳು ಊರನ್ನು ಮುಳುಗಿಸಿದವು, ಜನ ಪ್ರೀತಿಸುತ್ತಿದ್ದ ಹಬ್ಬ ಬದುಕಿತು. ಹಾಗೆಂದು ಉತ್ಸವ ಜನಸಂಖ್ಯೆಯ ಕುಸಿತವನ್ನು ತಡೆಯಲಿಲ್ಲ. ನಿಮ್ಮ ಪ್ರಯತ್ನದಿಂದ ಕಾರ್ಖಾನೆ ಮರಳಿ ಬರುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ.

ಪ್ರವಾಸಿಗರನ್ನು ಕರೆಯುವುದು ಬೇರೆ, ನೆಲೆಸುವವರನ್ನು ಕರೆಯುವುದು ಬೇರೆ. ಒಂದೇ ಕರಪತ್ರದಲ್ಲಿ ಎರಡನ್ನೂ ತುರುಕಬೇಡಿ. ಪ್ರವಾಸಿಗೆ ಒಂದು ಒಳ್ಳೆಯ ಮಧ್ಯಾಹ್ನ ಸಾಕು. ನೆಲೆಸುವವರಿಗೆ ಮೊದಲ ಒಂದು ವರ್ಷ ದಾಟಬೇಕು. ಅಮೆರಿಕದ ಹಳೆಯ ತೈಲ ನಗರಿ ಟಲ್ಸಾದಲ್ಲಿ 2018ರಲ್ಲಿ ಆರಂಭವಾದ ಯೋಜನೆಯೊಂದು, ದೂರದಿಂದಲೇ ಕಚೇರಿ ಕೆಲಸ ಮಾಡುವವರು ಬಂದು ಒಂದು ವರ್ಷ ಇದ್ದರೆ 10 ಸಾವಿರ ಡಾಲರ್ ಕೊಡುತ್ತದೆ. ಸುದ್ದಿಯಾದದ್ದು ಹಣ. ಅದರ ಜೊತೆಗೆ ಕೂತು ಕೆಲಸ ಮಾಡಲು ಹಂಚಿಕೆಯ ಕಚೇರಿ, ಪರಿಚಯದ ಕೂಟಗಳು, ಮನೆ ಹುಡುಕಲು ನೆರವು ಇದ್ದದ್ದು ಅಷ್ಟೇ ಮುಖ್ಯ. ಸಿಸಿಲಿಯ ಪಟ್ಟಣಗಳು ಪಾಳುಮನೆಗಳನ್ನು ಒಂದು ಯೂರೋ ಬೆಲೆಗೆ ಮುಂದಿಟ್ಟಾಗಲೂ ಷರತ್ತುಗಳಿದ್ದವು: ಠೇವಣಿ ಇಡಬೇಕು, ಗೊತ್ತುಪಡಿಸಿದ ಅವಧಿಯೊಳಗೆ ದುರಸ್ತಿ ಮುಗಿಸಬೇಕು. ಅಗ್ಗ ಎಂಬುದಷ್ಟನ್ನೇ ಕೂಗಿದರೆ ಕೊಂಡು ಬೀಗ ಹಾಕಿ ಹೋಗುವವರು ಬರುತ್ತಾರೆ, ಪಾಳುಮನೆ ಪಾಳುಮನೆಯಾಗಿಯೇ ಉಳಿಯುತ್ತದೆ. ನಿಮ್ಮಲ್ಲಿ ಅಷ್ಟು ಹಣವಿಲ್ಲ, ಇರಲಿ. ಯಾವ ವೈದ್ಯರು ಸಿಗುತ್ತಾರೆ, ಬಸ್ ಎಷ್ಟು ಹೊತ್ತಿಗೊಂದು, ಇಂಟರ್ನೆಟ್ ಎಲ್ಲಿ ಕೈಕೊಡುತ್ತದೆ, ಸೋರುವ ಛಾವಣಿಯನ್ನು ಯಾರು ಸರಿಮಾಡುತ್ತಾರೆ ಎಂದು ನಾಲ್ಕು ಪುಟ ಬರೆದಿಡಿ. ಬಂದ ಪ್ರತಿ ಕುಟುಂಬಕ್ಕೂ ನಿಮ್ಮಲ್ಲಿ ಒಬ್ಬರು ವರ್ಷವಿಡೀ ಫೋನ್ ಎತ್ತುವ ಜವಾಬ್ದಾರಿ ಹೊರಲಿ. ಬಿಟ್ಟುಹೋದ ಊರಿನ ಮಕ್ಕಳನ್ನು ಮೊದಲು ಕೇಳಿ. ಅವರಿಗೆ ಊರಿನ ಪರಿಚಯ ಬೇಕಿಲ್ಲ, ಮರಳಲು ಒಂದು ಕಾರಣ ಸಾಕು.

ಉಳಿದದ್ದು ನೆರೆಹೊರೆಯವರ ಸಿಟ್ಟು. ಅವರ ಭಯಕ್ಕೆ ಆಧಾರವಿದೆ. 2017ರಲ್ಲಿ ಡೆಟ್ರಾಯಿಟ್‌ನ ನಡುಪೇಟೆಯ ಕಟ್ಟಡವೊಂದರ ಕಿಟಕಿಗಳ ಮೇಲೆ ‘ಡೆಟ್ರಾಯಿಟನ್ನು ನಾವು ನೋಡುವಂತೆ ನೋಡಿ’ ಎಂಬ ದೊಡ್ಡ ಜಾಹೀರಾತು ಕಾಣಿಸಿಕೊಂಡಿತು. ಚಿತ್ರದಲ್ಲಿದ್ದವರು ಹೆಚ್ಚಾಗಿ ಬಿಳಿಯರು. ನಗರದ ಹತ್ತರಲ್ಲಿ ಸುಮಾರು ಎಂಟು ಜನ ಕಪ್ಪು ವರ್ಣದವರು. ‘ನಾವು’ ಎಂದರೆ ಯಾರು ಎಂದು ಜನ ಕೇಳಿದರು, ಜಾಹೀರಾತು ಇಳಿಯಿತು, ಅದನ್ನು ಹಾಕಿಸಿದ್ದ ಸಂಸ್ಥೆಯ ಮಾಲೀಕರು ಕ್ಷಮೆ ಕೇಳಿದರು. ಗ್ಲಾಸ್ಗೋದ 1990ರ ಸಂಭ್ರಮವನ್ನೂ ‘ವರ್ಕರ್ಸ್ ಸಿಟಿ’ ಎಂಬ ಗುಂಪು ಕಟುವಾಗಿ ಪ್ರಶ್ನಿಸಿತ್ತು: ದುಡಿದವರ ಚರಿತ್ರೆಯನ್ನು ಒರೆಸಿ ಯಾರಿಗಾಗಿ ಈ ಅಲಂಕಾರ? ಹೊರಗಿನವರನ್ನು ಕರೆಯುವ ಭರದಲ್ಲಿ ಮನೆಗೆ ಮಾರಿ, ಊರಿಗೆ ಉಪಕಾರಿ ಎನಿಸಿಕೊಳ್ಳಬೇಡಿ.

ಇದಕ್ಕೆ ಬಾಯಿ ಮಾತಿನ ಸಮಾಧಾನ ಸಾಲದು. ಬಾಸ್ಟನ್ನಿನ ರಾಕ್ಸ್‌ಬರಿಯ ಡಡ್ಲಿ ಸ್ಟ್ರೀಟ್ ಭಾಗದಲ್ಲಿ ಬೆಂಕಿಗೆ ಆಹುತಿಯಾದ ಮನೆಗಳ ಜಾಗದಲ್ಲಿ ಸುಮಾರು 1,300 ಖಾಲಿ ನಿವೇಶನಗಳಿದ್ದವು. ಹೊರಗಿನವರು ಅಲ್ಲಿಗೆ ಕಸ ತಂದು ಸುರಿಯುತ್ತಿದ್ದರು. 1984ರಲ್ಲಿ ಸಂಘಟಿತರಾದ ನಿವಾಸಿಗಳು ಮೊದಲು ಹಿಡಿದದ್ದು ಕಸದ ವಿರುದ್ಧದ ಹೋರಾಟ. 1988ರಲ್ಲಿ, ಖಾಲಿ ನಿವೇಶನಗಳನ್ನು ಸಾರ್ವಜನಿಕ ಉದ್ದೇಶಕ್ಕಾಗಿ ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನೇ ನಗರಾಡಳಿತದಿಂದ ಪಡೆದರು. ನಿವಾಸಿಗಳ ಸಂಘಕ್ಕೆ ಅಂಥ ಅಧಿಕಾರ ಸಿಗುವುದು ಬಹಳ ಅಪರೂಪ. ಆ ನೆಲವನ್ನು ಸಮುದಾಯದ ಟ್ರಸ್ಟ್ ಹೆಸರಿನಲ್ಲಿಟ್ಟರು. ಮನೆ ಕೊಂಡವನು ಮನೆಯನ್ನು ಮಾರಬಹುದು, ಆದರೆ ನೆಲ ಟ್ರಸ್ಟಿನದೇ ಆದ್ದರಿಂದ ಬೆಲೆಗೆ ಮಿತಿಯಿರುತ್ತದೆ. ಬಡಾವಣೆ ಚೆಂದವಾದ ಮೇಲೂ ಹಳಬರು ಅಲ್ಲಿ ಇರಬಲ್ಲರು. ನಿಮ್ಮ ಊರಿನಲ್ಲಿ ನೆಲ ಅಗ್ಗವಾಗಿರುವುದು ಈಗ. ಇಂಥ ಟ್ರಸ್ಟಿಗೆ ಕಾನೂನಿನಲ್ಲಿ ಯಾವ ದಾರಿಯಿದೆ ಎಂದು ವಕೀಲರನ್ನು ಕೇಳಬೇಕಾದದ್ದೂ ಈಗಲೇ. ಬೆಲೆ ಏರಿದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಮೊದಲ ನಡಿಗೆಗೆ ಹೊರಗಿನವರನ್ನು ಕರೆಯಬೇಡಿ. ಸಿಟ್ಟಾಗಿರುವ ಆ ನೆರೆಹೊರೆಯವರನ್ನೇ ಕರೆಯಿರಿ. ಪ್ರವಾಸಿಗರಿಗೆ ಏನು ಹೇಳಬೇಕೆಂದಿದ್ದೀರೋ ಅದನ್ನೇ ಅವರಿಗೆ ಹೇಳಿ, ಅದೇ ದಾರಿಯಲ್ಲಿ ನಡೆಸಿ. ಅವರು ಎಲ್ಲಿ ನಿಮ್ಮ ಮಾತನ್ನು ತಡೆದು ‘ಅದು ಹಾಗಲ್ಲ’ ಎನ್ನುತ್ತಾರೋ, ಎಲ್ಲಿ ಮೌನವಾಗುತ್ತಾರೋ, ಯಾವ ಮನೆಯ ಮುಂದೆ ತಾವಾಗಿಯೇ ನಿಂತು ಹಳೆಯ ಕಥೆ ತೆಗೆಯುತ್ತಾರೋ ಬರೆದುಕೊಳ್ಳಿ. ಆ ಟಿಪ್ಪಣಿಯಂತೆ ದಾರಿಯನ್ನು ತಿದ್ದಿ. ಕಥೆ ಹೇಳಿದವರನ್ನು ಮುಂದಿನ ಸಲ ಆ ಮನೆಯ ಮುಂದೆ ನೀವೇ ಹೇಳಿ ಎಂದು ಕೇಳಿಕೊಳ್ಳಿ. ಹೊರಗಿನ ಮೊದಲ ಆರು ಜನರನ್ನು ಅದರ ನಂತರದ ವಾರ ಕರೆಯಬಹುದು.